ಜಪಾನಿನ ಹಳೆಯ ಮರದಚ್ಚಿನ ಚಿತ್ರಕ್ಕೆ ನಾನು ಫ್ರೇಮ್ ಹಾಕುವ ಬಗೆ

ಈ ಚಿತ್ರಗಳ ಕಾಗದ ಕೋಜೋ ಗಿಡದ ತೊಗಟೆಯ ನಾರಿನದು. ಗಿಡ ನಮ್ಮ ಹಿಪ್ಪುನೇರಳೆಯ ಕುಟುಂಬದ್ದೇ. ಗಾಳಿಯಲ್ಲಿ ತೇವ ಏರಿದರೆ ಈ ಕಾಗದ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ನಾಲ್ಕೂ ಅಂಚು ಅಂಟಿಸಿ ಬಿಗಿದರೆ ಸುಕ್ಕುಗಟ್ಟಿ ಕೊನೆಗೆ ಹರಿಯುತ್ತದೆ. ಹಾಗಾಗಿ ಮೇಲಂಚಿನ ಎರಡೇ ಕಡೆ ಹಿಡಿಸಿ, ಉಳಿದದ್ದನ್ನು ಇಳಿಬಿಡುತ್ತೇನೆ.

ಹಿಡಿಸುವ ಪಟ್ಟಿಗೆ ತೆಳು ಜಪಾನಿ ಕಾಗದ. ಕತ್ತರಿ ಮುಟ್ಟಿಸದೆ, ಒದ್ದೆ ಕುಂಚದಿಂದ ಗೆರೆ ಎಳೆದು ಕೈಯಲ್ಲೇ ಹರಿಯಬೇಕು. ಅಂಚಿನ ನಾರು ಬಿಚ್ಚಿಕೊಂಡಿದ್ದರೆ ಚಿತ್ರದ ಮುಂಬದಿಯಲ್ಲಿ ಪಟ್ಟಿಯ ಗುರುತು ಏಳುವುದಿಲ್ಲ. ಮಡಚಿ, ಒಂದು ಮಗ್ಗುಲು ಚಿತ್ರದ ಬೆನ್ನಿಗೆ, ಇನ್ನೊಂದು ಆಮ್ಲರಹಿತ ಬೋರ್ಡಿಗೆ. ಅಂಟಿಗೆ ಗೋಧಿ ಸ್ಟಾರ್ಚ್ 1 ಪಾಲು, ನೀರು 5 ಪಾಲು. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಅರ್ಧ ಗಂಟೆ ಬೇಯಿಸಿ, ಆರಿದ ಮೇಲೆ ಎರಡು ಸಲ ಸೋಸಬೇಕು. ಬೈಂಡಿಂಗ್‌ನ ಮೈದಾ ಅಂಟು ಬೇಡ; ಹುಳ ಬಾರದಿರಲೆಂದು ಅದಕ್ಕೆ ಬೆರೆಸುವ ಮೈಲುತುತ್ತ ಕಾಗದವನ್ನು ತಿನ್ನುತ್ತದೆ. ಹಚ್ಚುವಾಗ ಅಂಟು ಹೆಚ್ಚುಕಡಿಮೆ ಒಣಗಿದಂತಿರಲಿ, ನೀರು ಹೆಚ್ಚಾದರೆ ಕಾಗದದಲ್ಲಿ ಕಂದು ಗೆರೆಯಾಗಿ ನಿಲ್ಲುತ್ತದೆ. ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು, ಪೂರ್ತಿ ಒಣಗುವವರೆಗೆ ಭಾರ ಹೇರಿ. ಸೆಲೋಟೇಪ್ ಮಾತ್ರ ಬೇಡವೇ ಬೇಡ. ಅದರ ಗೋಂದು ನಾರಿಗಿಳಿದರೆ ಕಲೆ ಹೋಗುವುದಿಲ್ಲ.

ಇಂಥ ಚಿತ್ರಗಳಲ್ಲಿ ಸಾಮಾನ್ಯವಾದ ‘ಓಬಾನ್’ ಹಾಳೆಯ ಅಳತೆ ಸುಮಾರು 15×10 ಇಂಚು. ಅದಕ್ಕೆ 20×15 ಇಂಚಿನ ಫ್ರೇಮ್ ಹಿಡಿಸುತ್ತದೆ. ಚಿತ್ರದ ಸುತ್ತ ಬರುವ ಬೋರ್ಡಿನ ಚೌಕಟ್ಟಿನಲ್ಲಿ (ಮೌಂಟ್) ಕೆಳಗಡೆ ಮೇಲಿಗಿಂತ ಅರ್ಧ ಇಂಚು ಜಾಸ್ತಿ ಬಿಡಿ. ಅಳತೆ ಕೂಡಲಿಲ್ಲವೆಂದು ಬಿಳಿ ಅಂಚು ಕತ್ತರಿಸುವ ಫ್ರೇಮಿನವರಿದ್ದಾರೆ. ಕತ್ತರಿಸಲು ಬಿಡಬೇಡಿ. 20ನೇ ಶತಮಾನದ ಕಲಾವಿದ ಹಿರೋಶಿ ಯೋಶಿದಾ ಅವರ, ‘ಸ್ವತಃ ಅಚ್ಚೊತ್ತಿದ್ದು’ ಎಂದು ಸಾರುವ ‘ಜಿಜುರಿ’ ಮುದ್ರೆ ಇರುವುದೇ ಎಡ ಅಂಚಿನಲ್ಲಿ. ಅದು ಹೋದರೆ ಚಿತ್ರದ ಗುರುತೇ ಹೋಯಿತು. ಗಾಜಿಗೂ ಕಾಗದಕ್ಕೂ 3 ಮಿಮೀ ಅಂತರವಿರಲಿ.

ಬೆಳಕು ಮಾಡುವ ಹಾನಿ ತಿರುಗಿ ಸರಿಯಾಗುವಂಥದ್ದಲ್ಲ. ಕುಸುಬೆ ಹೂವಿನಿಂದ ತೆಗೆದ ‘ಬೇನಿ’ ಕೆಂಪು, ಬೇರೊಂದು ಹೂವಿನ ‘ಐಗಾಮಿ’ ನೀಲಿ ಬಲುಬೇಗ ಮಾಸುತ್ತವೆ. 1830ರ ಸುಮಾರಿಗೆ ಬಳಕೆ ಹೆಚ್ಚಿದ ಪ್ರಷ್ಯನ್ ನೀಲಿ ಗಟ್ಟಿ. ಅದಕ್ಕೇ 18ನೇ ಶತಮಾನದ ಚಿತ್ರಗಳನ್ನು ಪೆಟ್ಟಿಗೆಯಲ್ಲೇ ಇಟ್ಟು, 19ನೇ ಶತಮಾನದ ಕಲಾವಿದರಾದ ಹೊಕುಸಾಯ್, ಹಿರೋಶಿಗೆಯವರ ನೀಲಿ ದೃಶ್ಯಗಳನ್ನು ಗೋಡೆಗೆ ಆರಿಸುತ್ತೇನೆ. ಅವುಗಳಿಗೂ 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕು ಸಾಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಅತಿನೇರಳೆ ತಡೆಯುವ ಅಕ್ರಿಲಿಕ್ ಹಾಳೆ ಮಾಸುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಮಳೆ ಬಡಿಯುವ ಹೊರಗೋಡೆ ಬೇಡ. ಒಳಗೋಡೆಯಲ್ಲೂ ಫ್ರೇಮಿನ ಕೆಳಮೂಲೆಗಳ ಹಿಂದೆ ಕಾರ್ಕ್ ಚೂರು ಅಂಟಿಸಿದರೆ ಗಾಳಿಯಾಡುತ್ತದೆ. ಹಿಮ, ಬಟ್ಟೆಯ ನೇಯ್ಗೆಯನ್ನು ಬಣ್ಣವಿಲ್ಲದೆ ಉಬ್ಬಿಸಿ ಒತ್ತಿದ ‘ಕರಾಜುರಿ’ ಇರುವ ಚಿತ್ರವಾದರೆ ಮಂದ ದೀಪವನ್ನು ಪಕ್ಕದಿಂದ ಬೀಳುವಂತೆ ಇಡಿ. ಎದುರಿನ ಬೆಳಕಿಗೆ ಆ ಉಬ್ಬು ಕಾಣುವುದೇ ಇಲ್ಲ.