‘ಭಾರ’ ಮತ್ತು ‘ಹೊರು’: *ಬೆರನಂ ಎಂಬ ಕ್ರಿಯಾಪದದ ಜಾಡು ಹಿಡಿಯುವ ಕ್ರಮ

ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ ಹಮಾಲರು ಮೆಕ್ಕೆಜೋಳದ ಚೀಲವನ್ನು ಬೆನ್ನಿಗೇರಿಸಿಕೊಂಡಾಗ ನಾವು ‘ಭಾರ ಹೊತ್ತರು’ ಎನ್ನುತ್ತೇವೆ. ಈ ಎರಡು ಪದಗಳಲ್ಲಿ ಒಂದು ಮಾತ್ರ ಹೊರುವುದು, ಹೆರುವುದು ಎಂಬ ಅರ್ಥಗಳಿರುವ ಇಂಗ್ಲಿಷಿನ ‘ಬೇರ್’ ಕ್ರಿಯಾಪದಕ್ಕೆ ನಂಟು. ಅದು ಯಾವುದೆಂದು ಕಿವಿಯನ್ನಷ್ಟೇ ನಂಬಿ ಹೇಳಲಾಗದು.

ಮೊದಲು ಬರಹದಲ್ಲಿ ಉಳಿದಿರುವ ಹಳೆಯ ರೂಪಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. 4ನೇ ಶತಮಾನದ ಬೈಬಲ್ ಅನುವಾದದಿಂದ ತಿಳಿದಿರುವ, ಈಗ ಅಳಿದುಹೋದ ಗಾಥಿಕ್ ಭಾಷೆಯಲ್ಲೂ ಹಳೆಯ ಇಂಗ್ಲಿಷಿನಲ್ಲೂ ‘ಬೆರನ್’, ಸ್ಕ್ಯಾಂಡಿನೇವಿಯಾದ ಹಿಂದಿನ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ‘ಬೆರ’. ಇವುಗಳಿಗೆಲ್ಲ ತಾಯಿಯೆಂದು ಊಹಿಸಿ ಕಟ್ಟಿದ ರೂಪವೇ, ಇಂಗ್ಲಿಷ್, ಜರ್ಮನ್, ಸ್ವೀಡಿಷ್ ಮೊದಲಾದವುಗಳ ಪೂರ್ವಜ ಭಾಷೆಯಾದ ಮೂಲ ಜರ್ಮ್ಯಾನಿಕ್‌ನ *ಬೆರನಂ. ಮುಂದಿರುವ ನಕ್ಷತ್ರ ಚಿಹ್ನೆಯನ್ನು ಎಂದೂ ಬಿಡಬೇಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನದ ಪ್ರಾಕೃತ ಪದಗಳು ಬಂಡೆಯ ಮೇಲೆಯೇ ಇರುವುದರಿಂದ ಅವಕ್ಕೆ ನಕ್ಷತ್ರ ಬೇಡ. *ಬೆರನಂ ಯಾವ ಬರಹದಲ್ಲೂ ಸಿಕ್ಕಿಲ್ಲ, ಅದು ಊಹೆಯ ರೂಪವೆಂದು ನಕ್ಷತ್ರ ಹೇಳುತ್ತದೆ.

ಅನಂತರ ಇನ್ನೊಂದು ತಲೆಮಾರು ಹಿಂದಕ್ಕೆ ಹೋಗಿ. ಸಂಸ್ಕೃತದ ‘ಭರತಿ’, ಗ್ರೀಕ್ ಮತ್ತು ಲ್ಯಾಟಿನ್‌ಗಳ ‘ಫೆರೋ’ ಎದುರಾಗುತ್ತವೆ. ಒಂದು ಜೋಡಿಯ ಹೋಲಿಕೆ ಸಾಲದು, ಅದೇ ಧ್ವನಿ ಬೇರೆ ಪದಗಳಲ್ಲೂ ಅದೇ ರೀತಿ ಬದಲಾಗಿರಬೇಕು. ಸಂಸ್ಕೃತದ ‘ಭ್ರಾತೃ’, ಲ್ಯಾಟಿನ್‌ನ ‘ಫ್ರಾಟರ್’, ಇಂಗ್ಲಿಷಿನ ‘ಬ್ರದರ್’ ಇವುಗಳಲ್ಲಿ ಭ, ಫ, ಬ ಇದೇ ಕ್ರಮದಲ್ಲಿ ಬರುತ್ತವೆ. 1822ರಲ್ಲಿ ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ ವಿವರಿಸಿದ, ವ್ಯಂಜನಗಳು ಹೀಗೆ ಕ್ರಮಬದ್ಧವಾಗಿ ಬದಲಾಗುವ ‘ವ್ಯಂಜನ ಪಲ್ಲಟ’ದ ಬಲದಿಂದಲೇ ನಾವು ಈ ಭಾಷೆಗಳೆಲ್ಲ ಸೇರುವ ಇಂಡೋ-ಯುರೋಪಿಯನ್ ಕುಟುಂಬದ *ಭೆರ್ ಎಂಬ ಧಾತುವನ್ನು ತಲುಪುತ್ತೇವೆ.

*ಬೆರನಂ ಪದದ ಸಂತತಿಯನ್ನು ಹುಡುಕುವಾಗ ನಡುವಿನ ಸ್ವರದ ಮೇಲೆ ಕಣ್ಣಿಡಿ. ನನಗೆ ಅತ್ಯಂತ ಸೊಗಸಾಗಿ ಕಾಣುವ ಘಟ್ಟವಿದು. ಭೂತಕಾಲದಲ್ಲಿ *ಬರ್, ಕೃದಂತದಲ್ಲಿ *ಬುರನಜ್ ಎಂದು ಸ್ವರ ಬದಲಾಗುತ್ತಿತ್ತು. ಇಂಗ್ಲಿಷಿನ ‘ಬೋರ್ನ್’, ಜರ್ಮನ್ನಿನ ‘ಗೆಬೋರೆನ್’ ಆ ಕೃದಂತದ ಕುಡಿಗಳು. ಸ್ವೀಡಿಷ್‌ನಲ್ಲಿ ಮಗುವಿಗಿರುವ ‘ಬಾರ್ನ್’ ಎಂಬ ಹೆಸರೂ ಇದೇ ಧಾತುವಿನದು: ಹೊತ್ತು ಹೆತ್ತದ್ದು.

ಈಗ ‘ಹೊರು’ ಪದವನ್ನು ಪರೀಕ್ಷಿಸಿ. ಅದರ ಹಳಗನ್ನಡ ರೂಪ ‘ಪೊಱು’, ತಮಿಳಿನಲ್ಲೂ ‘ಪೊಱು’. ‘ಪಾಲ್’ ‘ಹಾಲು’ ಆದಂತೆ ಇಲ್ಲಿಯೂ ಪಕಾರ ಹಕಾರವಾಗಿದೆ. ಅದರ ಪಕಾರ ಮೇಲಿನ ಭ-ಫ-ಬ ಸಾಲಿಗೆ ಹೊಂದುವುದಿಲ್ಲವಾದ್ದರಿಂದ, ಅರ್ಥ ಎಷ್ಟೇ ಒಂದಾಗಿದ್ದರೂ ಅದನ್ನು ಈ ಮನೆತನಕ್ಕೆ ಸೇರಿಸಬಾರದು. ಆದ್ದರಿಂದ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ‘ಭಾರ’ವನ್ನು ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದವೆಂದು ಗುರುತಿಸಿ *ಭೆರ್ ಧಾತುವಿನ ಕೆಳಗೆ ಬರೆಯಿರಿ, ‘ಹೊರು’ ಪದಕ್ಕೆ ದ್ರಾವಿಡ ಮೂಲದ ಬೇರೆ ಪುಟ ತೆರೆಯಿರಿ.