ಆಷಾಢದ ಗಾಳಿಯಲ್ಲಿ ಆರ್44

ಆಷಾಢದಲ್ಲಿ ಹೊಸೂರಿನ ಮೇಲೆ ಪಡುವಣ ಗಾಳಿ ಜೋರಾಯಿತೆಂದರೆ, ಬಿಸಿಲೇರುತ್ತಿದ್ದಂತೆ ಅದು ಎತ್ತಿ ಕುಕ್ಕಲು ಶುರುಮಾಡುತ್ತದೆ. ರಾಬಿನ್ಸನ್ ಆರ್22, ಆರ್44ರಂಥ ಎರಡು ಬ್ಲೇಡಿನ ಹಗುರ ಹೆಲಿಕಾಪ್ಟರಿನಲ್ಲಿ ಆ ಗಾಳಿಗಿಂತ ನಾನು ಹೆಚ್ಚು ಹೆದರುವುದು ಪೈಲಟ್‌ನ ಬಲಗೈಗೆ.

ಈ ಎರಡು ಬ್ಲೇಡುಗಳ ರೋಟರ್ ತನ್ನನ್ನು ಹೊತ್ತ ಕಂಬದ, ಅಂದರೆ ಮಾಸ್ಟಿನ, ತುದಿಯಲ್ಲಿ ಏತದ ಮರದಂತೆ ತೂಗುತ್ತಿರುತ್ತದೆ. ಬ್ಲೇಡುಗಳ ಮೇಲೆ ಭಾರ ಇರುವವರೆಗೆ ಹೆಲಿಕಾಪ್ಟರ್ ಸೈಕ್ಲಿಕ್ಕಿನ, ಅಂದರೆ ಬಲಗೈಯಲ್ಲಿ ಹಿಡಿದು ರೋಟರನ್ನು ವಾಲಿಸುವ ಕೋಲಿನ, ಮಾತು ಕೇಳುತ್ತದೆ. ಸೈಕ್ಲಿಕ್ಕನ್ನು ಮುಂದಕ್ಕೆ ತಳ್ಳಿದಾಗ, ಅಥವಾ ಗಾಳಿ ಒಮ್ಮೆಲೇ ಕೆಳಕ್ಕೆ ಒತ್ತಿದಾಗ ಆ ಭಾರ ಕಳಚುತ್ತದೆ, ಸೀಟಿನಲ್ಲಿ ಮೈ ಹಗುರಾಗುತ್ತದೆ. ಬಾಲದ ತುದಿಯ ಸಣ್ಣ ರೋಟರಿನ, ಅಂದರೆ ಟೇಲ್ ರೋಟರಿನ, ಒತ್ತು ಮಾತ್ರ ಹಾಗೇ ಇರುತ್ತದೆ. ಅದು ಗುರುತ್ವಕೇಂದ್ರಕ್ಕಿಂತ ಮೇಲಿರುವುದರಿಂದ ಹೆಲಿಕಾಪ್ಟರ್ ಬಲಕ್ಕೆ ಉರುಳುತ್ತದೆ. ಆಗ ಕೈ ತಾನಾಗಿಯೇ ಎಡಕ್ಕೆ ಹೋಗುತ್ತದೆ. ಹೋಗಬಾರದು. ರೋಟರ್ ಎಡಕ್ಕೆ ವಾಲಿದರೂ ಹೆಲಿಕಾಪ್ಟರ್ ಬಲಕ್ಕೆ ಹೊರಳುತ್ತಲೇ ಇರುತ್ತದೆ, ಬ್ಲೇಡುಗಳನ್ನು ಹಿಡಿದಿರುವ ಹಬ್ ಮಾಸ್ಟಿಗೆ ಬಡಿಯುತ್ತದೆ. ಮಾಸ್ಟ್ ಬಂಪಿಂಗ್ ಅಂದರೆ ಇದೇ. ಇದಾದ ಮೇಲೆ ಉಳಿದು ಬಂದವರು ವಿರಳ. ಮೊದಲು ಸೈಕ್ಲಿಕ್ ಮೆಲ್ಲಗೆ ಹಿಂದಕ್ಕೆ, ಮೈಭಾರ ಸೀಟಿಗೆ ಮರಳಿದ ಮೇಲೆ ಎಡಕ್ಕೆ. ಇದನ್ನು ಆಕಾಶದಲ್ಲಿ ಅಭ್ಯಾಸ ಮಾಡಲು ಹೋಗಬೇಡಿ. ನೆಲದ ಮೇಲೆ ಕೂತು ಬಾಯಿಪಾಠ ಮಾಡಿಕೊಂಡರೆ ಸಾಕು.

ಕುಲುಕಾಟ ನಿರೀಕ್ಷೆಯಿದ್ದರೆ ಮೊದಲೇ ಪವರ್ ತಗ್ಗಿಸಿ ನಿಧಾನವಾಗುತ್ತೇನೆ. ಜೋರಾದರೆ 60ರಿಂದ 70 ನಾಟ್. ಸೀಟ್ ಬೆಲ್ಟ್ ಬಿಗಿಮಾಡಿ ಬಲ ಮುಂಗೈಯನ್ನು ಬಲತೊಡೆಯ ಮೇಲೆ ಊರುತ್ತೇನೆ. ಮೈ ಎಗರಿದಾಗ ಕೈ ಸೈಕ್ಲಿಕ್ಕನ್ನು ಎಳೆದಾಡದಿರಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎತ್ತರ, ದಿಕ್ಕು, ವೇಗ ಮೂರೂ ಅತ್ತಿತ್ತ ಆಗುತ್ತವೆ, ಆಗಲಿ. ಗಾಳಿ ನೂರು ಅಡಿ ಮೇಲೆತ್ತಿತೆಂದು ಮೂಗು ಕೆಳಗೆ ಒತ್ತಿ ಎತ್ತರ ಸರಿಪಡಿಸಲು ಹೊರಟರೆ ಭಾರ ಕಳಚುವ ಕೆಲಸವನ್ನು ನಾವೇ ಮಾಡಿದಂತೆ.

ಎಡಗೈಯದೂ ಒಂದು ಮಾತಿದೆ. ಹೆದರಿಕೆಯಲ್ಲಿ ಥ್ರಾಟಲ್ ಹಿಡಿಯನ್ನು ಹಿಂಡಿದರೆ ಥ್ರಾಟಲ್ಲನ್ನು ತಾನಾಗಿಯೇ ಹೊಂದಿಸುವ ಗವರ್ನರ್ ಕೆಲಸ ಮಾಡಲಾರದು, ರೋಟರ್ ಸುತ್ತುವ ವೇಗ, ಅಂದರೆ ಆರ್‌ಪಿಎಂ ಕುಸಿಯುತ್ತದೆ. ಅದು 97 ಪ್ರತಿಶತಕ್ಕಿಳಿದು ಎಚ್ಚರಿಕೆಯ ಹಾರ್ನ್ ಕೂಗಿದರೆ ಥ್ರಾಟಲ್ ಹೆಚ್ಚಿಸುತ್ತಲೇ ಕಲೆಕ್ಟಿವ್, ಅಂದರೆ ಬ್ಲೇಡುಗಳ ಕೋನ ಏರಿಳಿಸುವ ಎಡಗೈಯ ಕೋಲು, ಇಳಿಸಬೇಕು, ಮುನ್ನಡೆಯ ವೇಗವಿದ್ದರೆ ಜೊತೆಗೆ ಸೈಕ್ಲಿಕ್ ತುಸು ಹಿಂದಕ್ಕೆ. ಕಾರ್ಬ್ಯುರೇಟರ್ ಇರುವ ಎಂಜಿನ್ನಾದರೆ ಪವರ್ ತಗ್ಗಿಸಿದ ಕೂಡಲೇ ಅದಕ್ಕೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟ್ ನೆನಪಿರಲಿ: ಮಳೆಗಾಲದ ತೇವದ ಗಾಳಿಯಲ್ಲಿ ಅದರೊಳಗೆ ಮಂಜುಗಡ್ಡೆ ಕಟ್ಟಲು ಚಳಿಯೇ ಬೇಕೆಂದಿಲ್ಲ. ಎಂಜಿನ್ನಿನ ಪವರ್ ಎಷ್ಟೆಂದು ತೋರುವ ಮ್ಯಾನಿಫೋಲ್ಡ್ ಪ್ರೆಶರ್ 18 ಇಂಚಿಗಿಂತ ಕೆಳಗಿಳಿದರೆ ಪೂರ್ತಿ ಹೀಟ್.

ಗಾಳಿ 25 ನಾಟ್ ಮೀರಿದರೆ, ಅಥವಾ ಸಾಮಾನ್ಯ ಬೀಸಿಗೂ ನಡುನಡುವೆ ನುಗ್ಗುವ ರಭಸಕ್ಕೂ 15 ನಾಟ್‌ಗಿಂತ ಹೆಚ್ಚು ಅಂತರವಿದ್ದರೆ ಹೊರಡುವುದಿಲ್ಲ. ಇದು ಅಮೆರಿಕದಲ್ಲಿ ಅನುಭವ ಕಡಿಮೆಯಿರುವ ರಾಬಿನ್ಸನ್ ಪೈಲಟ್‌ಗಳಿಗೆ ಹಾಕಿದ ಮಿತಿ. ಎಷ್ಟೇ ಗಂಟೆ ಹಾರಿದವರಿಗೂ ಒಳ್ಳೆಯದೇ. 15 ನಾಟ್ ಗಾಳಿ, ರಭಸ 32 ಎಂದು ವರದಿ ಬಂದರೆ ನಾನು ಮೊದಲು ನೋಡುವುದು ನಡುವಿನ ಆ 17ನ್ನು. ಒಬ್ಬನೇ ಹಾರುವ ದಿನ ಇನ್ನೂ ಬಿಗಿ, ಏಕೆಂದರೆ ಭಾರ ಕಡಿಮೆಯಾದಷ್ಟೂ ಕುಲುಕಾಟ ಹೆಚ್ಚು.

ಪಡುವಣ ಗಾಳಿಯಿದ್ದಾಗ ರಾಯಕೋಟೆ ಬೆಟ್ಟದ ಮೂಡಣ ಮಗ್ಗುಲಿಗೆ ಹೋಗುವುದಿಲ್ಲ. ನೀಲಗಿರಿಯಲ್ಲೂ ಅಷ್ಟೇ, ಗೂಡಲೂರಿನ ಕಡೆ ಮೇಲೇರುವ ಗಾಳಿ ಕೋಟಗಿರಿ, ಮೇಟುಪಾಳ್ಯದ ಕಡೆಗೆ ಉರುಳಿ ಬೀಳುತ್ತದೆ. ಬೆಟ್ಟದ ಏಣು ದಾಟಲೇಬೇಕಾದರೆ ಸಾಕಷ್ಟು ಎತ್ತರ ಗಳಿಸಿ, 45 ಡಿಗ್ರಿ ಓರೆಯಾಗಿ ಹೋಗುತ್ತೇನೆ. ಗಾಳಿ ಕೆಳಕ್ಕೆ ಒತ್ತಿದರೆ ಕಾಲು ಸುತ್ತು ತಿರುಗಿದರೂ ಹೊರಬರಬಹುದು.

ಇಳಿದ ಮೇಲೂ ಗಾಳಿ ಬಿಟ್ಟಿರುವುದಿಲ್ಲ. ಎಂಜಿನ್ ಆರಿಸಿದಾಗ ರೋಟರ್ ಬೇಗ ನಿಲ್ಲಲೆಂದು ಕಲೆಕ್ಟಿವ್ ಎತ್ತಬೇಡಿ. ನಿಧಾನವಾದ ಬ್ಲೇಡಿಗೆ ರಭಸದ ಗಾಳಿ ಸಿಕ್ಕರೆ ಅದು ಬಾಗಿ ಬಾಲದ ಕೊಳವೆಯಾದ ಟೇಲ್‌ಕೋನಿಗೆ ಬಡಿಯುತ್ತದೆ. ಕಲೆಕ್ಟಿವ್ ಪೂರ್ತಿ ಕೆಳಗೆ, ಸೈಕ್ಲಿಕ್ ನಡುವೆ, ಆಮೇಲೆ ರೋಟರ್ ಬ್ರೇಕ್.