ಪುದೀನ ಜಿನ್ ಸೌರ್: ಸೊಪ್ಪು ಜಜ್ಜಬೇಡಿ, ತಟ್ಟಿ

ಜಿನ್ ಸೌರ್ ಅನ್ನೋ ಹುಳಿ–ಸಿಹಿ ಕಾಕ್‌ಟೇಲ್‌ಗೆ ಮುಖ್ಯವಾಗಿ ಬೇಕಾದದ್ದು ಮೂರೇ: ಜಿನ್, ನಿಂಬೆರಸ, ಸಕ್ಕರೆ ಪಾಕ. ಇದಕ್ಕೆ ಪುದೀನ ಸೇರಿದರೆ ಬೇಸಿಗೆ ಸಂಜೆಗೆ ಹೇಳಿ ಮಾಡಿಸಿದ ಪಾನೀಯ. ದುಬಾರಿ ಬಾಟಲಿಯ ಹಿಂದೆ ಬೀಳಬೇಡಿ. ರುಚಿ ನಿಂತಿರುವುದು ಸೊಪ್ಪಿನ ಮೇಲೆ. ಚಿಕ್ಕಬಳ್ಳಾಪುರದಲ್ಲಿರುವ ನಮಗೆ ತಾಜಾ ಸೊಪ್ಪಿಗೇನು ಬರವೇ?

ಬೆಳಿಗ್ಗೆ ಮಾರ್ಕೆಟ್‌ಗೆ ಹೋದಾಗಲೇ ಒಂದು ಕಟ್ಟು ಪುದೀನ ತನ್ನಿ. ಎಲೆ ಕಪ್ಪಾಗಿದ್ದರೆ ಬೇಡ. ಬೇರು ಕತ್ತರಿಸಿ, ಕಡ್ಡಿಗಳನ್ನು ನೀರಿನ ಲೋಟದಲ್ಲಿ ನಿಲ್ಲಿಸಿದರೆ ಸಂಜೆವರೆಗೂ ಬಾಡುವುದಿಲ್ಲ.

ಪಾಕಕ್ಕೆ ಒಂದು ಲೋಟ ಸಕ್ಕರೆ, ಒಂದು ಲೋಟ ನೀರು. ಎಳೆ ಬರುವ ತನಕ ಕಾಯಿಸಬೇಡಿ. ಸಕ್ಕರೆ ಕರಗಿದ ತಕ್ಷಣ ಇಳಿಸಿ, ಪೂರ್ತಿ ಆರಲು ಬಿಡಿ. ಐಸ್‌ಗೆ ಫಿಲ್ಟರ್ ನೀರನ್ನೇ ಬಳಸಿ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಕೂಡ ಜಾಸ್ತಿ. ಐಸ್ ಕರಗಿ ಕೊನೆಗೆ ಹೊಟ್ಟೆಗೇ ಹೋಗುವುದು, ಅಲ್ವಾ?

ಒಂದು ಗ್ಲಾಸಿಗೆ 60 ಮಿ.ಲೀ. ಜಿನ್, 25 ಮಿ.ಲೀ. ನಿಂಬೆರಸ, 20 ಮಿ.ಲೀ. ಪಾಕ, 8–10 ಎಲೆ ಪುದೀನ. ಪೆಗ್ ಅಳತೆ ಇಲ್ಲದಿದ್ದರೆ ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಮುಚ್ಚಳವನ್ನು ಚೆನ್ನಾಗಿ ತೊಳೆದು ಬಳಸಬಹುದು. ನಿಂಬೆಹಣ್ಣನ್ನು ಆಗಲೇ ಹಿಂಡಬೇಕು. ಸಿಪ್ಪೆ ಮಡಚಿಕೊಳ್ಳುವಷ್ಟು ಬಲವಾಗಿ ಹಿಂಡಿದರೆ ಕಹಿ ಇಳಿಯುತ್ತದೆ.

ಈಗ ಪುದೀನ. ಚಟ್ನಿ ಮಾಡಿ ರೂಢಿಯಾದ ಕೈ ಸುಮ್ನೆ ಒರಳಿನ ಕಡೆ ಹೋಗುತ್ತದೆ. ಇಲ್ಲಿ ಅದು ಬೇಡವೇ ಬೇಡ. ಪುದೀನಕ್ಕೆ ಘಮ ಕೊಡುವ ಎಣ್ಣೆ ಎಲೆಯ ಮೇಲಿನ ಸಣ್ಣ ಸಣ್ಣ ಗ್ರಂಥಿಗಳಲ್ಲಿರುತ್ತದೆ. ಎಲೆಗಳನ್ನು ಅಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಒಂದು ಏಟು ತಟ್ಟಿದರೆ ಸಾಕು, ಗ್ರಂಥಿ ಒಡೆದು ಘಮ ಹೊರಗೆ ಬರುತ್ತದೆ. ಜಜ್ಜಿದರೆ ಎಲೆಯೊಳಗಿನ ಹಸಿರು ರಸವೂ ಬಿಟ್ಟುಕೊಂಡು ಒಗರಾಗುತ್ತದೆ. ಆಮೇಲೆ ಎಷ್ಟು ಪಾಕ ಸುರಿದರೂ ಸರಿಹೋಗುವುದಿಲ್ಲ.

ಮೇಲೆ ನೊರೆ ಬೇಕೆನ್ನುವವರು ಅರ್ಧ ಮೊಟ್ಟೆಯ ಬಿಳಿ ಹಾಕುತ್ತಾರೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಭಯ ಇದ್ದೇ ಇದೆ. ಹಾಗಾಗಿ ನನ್ನ ಆಯ್ಕೆ ಕಾಬೂಲ್ ಕಡಲೆ ಬೇಯಿಸಿದ ನೀರು. ಬಸ್ಸಾರಿಗೆ ಕಟ್ಟು ಬಸಿಯುವ ಹಾಗೆ ಬಸಿದು, ತಣ್ಣಗಾದ ಮೇಲೆ 20 ಮಿ.ಲೀ. ಹಾಕಿ. ಉಪ್ಪು ಹಾಕದೆ ಬೇಯಿಸಿರಬೇಕು, ನೀರು ಮಂದವಾಗಿರಬೇಕು.

ಶೇಕರ್ ಇಲ್ಲವೇ? ಬಿಗಿ ಮುಚ್ಚಳದ ಅಗಲ ಬಾಯಿಯ ಸ್ಟೀಲ್ ಬಾಟಲಿ ಆಗುತ್ತದೆ, ಗಾಜಿನದು ಬೇಡ. ಎಲ್ಲವನ್ನೂ ಹಾಕಿ, ಮುಚ್ಚಳ ಒತ್ತಿ ಹಿಡಿದು, ಮೊದಲು ಐಸ್ ಇಲ್ಲದೆ 15 ಸೆಕೆಂಡ್ ಕುಲುಕಿ. ನೊರೆ ಏಳುವುದು ಈಗಲೇ. ಆಮೇಲೆ ಐಸ್ ತುಂಬಿಸಿ, ಇನ್ನೊಂದು 15 ಸೆಕೆಂಡ್ ಜೋರಾಗಿ ಕುಲುಕಿ. ಟೀ ಸೋಸುವ ಜಾಲರಿಯಲ್ಲಿ ಸೋಸಿ, ತಣ್ಣಗಿನ ಗ್ಲಾಸಿಗೆ ಬಗ್ಗಿಸಿ, ಮೇಲೊಂದು ಪುದೀನ ಕುಡಿ ಇಡಿ.

ಇದು 21 ದಾಟಿದವರಿಗೆ ಮಾತ್ರ. ಒಂದು ಗ್ಲಾಸಿನಲ್ಲಿ ಒಂದು ಲಾರ್ಜ್ ಪೆಗ್ ಇದೆ, ಹುಳಿ–ಸಿಹಿಯ ನಡುವೆ ಅದು ನಾಲಿಗೆಗೆ ಗೊತ್ತಾಗುವುದಿಲ್ಲ. ಗಾಡಿ ಓಡಿಸುವವರಿಗೆ ಜಿನ್ ಬಿಟ್ಟು ಉಳಿದದ್ದನ್ನೆಲ್ಲ ಹೀಗೇ ಕುಲುಕಿ, ಸೋಸಿ, ಮೇಲೆ ಸೋಡಾ ಹಾಕಿ ಕೊಡಿ.